ಸತ್ತದ್ದು ಯಾವಾಗ? ಸ್ಕ್ಯಾನ್ ಹೇಳುವುದೆಷ್ಟು, ಹವೆ ಹೇಳುವುದೆಷ್ಟು

2010ರ ಆಗಸ್ಟ್‌ನಲ್ಲಿ ಧಾರವಾಡ ಜಿಲ್ಲೆಯ ಅಣ್ಣಿಗೇರಿಯಲ್ಲಿ ಚರಂಡಿಯೊಂದನ್ನು ಅಗೆಯುವಾಗ ಮನುಷ್ಯರ ತಲೆಬುರುಡೆಗಳು ಹೊರಬಿದ್ದವು. ಹತ್ತಿಪ್ಪತ್ತಲ್ಲ, ನೂರಾರು. ಯಾರವು, ಯಾಕೆ ಸತ್ತರು ಎನ್ನುವುದಕ್ಕೂ ಮೊದಲು ತೀರ್ಮಾನವಾಗಬೇಕಿದ್ದದ್ದು ಯಾವಾಗ ಸತ್ತರು ಎಂಬುದು. 1791–92ರ ಡೋಜಿ ಬರದ ಕಾಲದವು ಎಂದು ಕೆಲವರು ಹೇಳಿದರು. ದಖ್ಖನ್ನಿನಲ್ಲಿ ಹೆಣ ಹೂಳುವವರೂ ಉಳಿಯದಂತೆ ಮಾಡಿದ ಬರ ಅದು. ಅದಕ್ಕೆ ಸ್ವಲ್ಪ ಮೊದಲು ಮರಾಠರೂ ಇಂಗ್ಲಿಷರೂ ಸೇರಿ ಟಿಪ್ಪುವಿನ ಸೈನ್ಯವಿದ್ದ ಧಾರವಾಡದ ಕೋಟೆಗೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿದ್ದರಿಂದ, ಬುರುಡೆಗಳನ್ನು ಆ ಕದನಕ್ಕೆ ಜೋಡಿಸುವುದೂ ಕಷ್ಟವಿರಲಿಲ್ಲ. ಕೊನೆಗೆ ಮಾದರಿಗಳು ಭುವನೇಶ್ವರದ ಇನ್‌ಸ್ಟಿಟ್ಯೂಟ್ ಆಫ್ ಫಿಸಿಕ್ಸ್‌ಗೆ ಹೋದವು. ಎಲುಬಿನಲ್ಲಿ ಉಳಿದ ವಿಕಿರಣಶೀಲ ಇಂಗಾಲವನ್ನು ಅಳೆದು ಬಂದ ಉತ್ತರ: ಆರು ಶತಮಾನಗಳಿಗೂ ಹಿಂದಿನವು. ಬರದ ಕಥೆ, ಕೋಟೆಯ ಕಥೆ ಎರಡೂ ಒಂದೇ ಏಟಿಗೆ ಬಿದ್ದುಹೋದವು.

ಆರು ಶತಮಾನದ ಲೆಕ್ಕದಲ್ಲಿ ಕೆಲವು ದಶಕ ಹಿಂದುಮುಂದಾದರೂ ಇತಿಹಾಸಕಾರರು ಒಪ್ಪುತ್ತಾರೆ. ನವಲಗುಂದ ಠಾಣೆಯ ಪಿಎಸ್‌ಐಗೆ ಆ ಸವಲತ್ತಿಲ್ಲ. ಮಲಪ್ರಭಾ ಬಲದಂಡೆ ಕಾಲುವೆಯ ತೂಬಿಗೆ ಬಂದು ಸಿಕ್ಕಿಕೊಂಡ ಹೆಣ ನಿನ್ನೆಯದೋ ಮೊನ್ನೆಯದೋ, ಮೊನ್ನೆಯದಾದರೆ ಸಂತೆಗೆ ಮೊದಲೋ ಆಮೇಲೋ ಎಂಬುದು ಅವರಿಗೆ ಬೇಕು. ಇಂಗಾಲ ಇಲ್ಲಿ ಕೆಲಸಕ್ಕೆ ಬಾರದು. ಅದು ಅರ್ಧವಾಗಲಿಕ್ಕೇ 5,730 ವರ್ಷ ಬೇಕು.

ಹಾಗಾದರೆ ಸಿಟಿ ಸ್ಕ್ಯಾನ್, ಎಂಆರ್‌ಐ ಇವೆಯಲ್ಲ, ಹೆಣವನ್ನು ಅದರೊಳಗೆ ಹಾಕಿದರೆ ಸತ್ತ ಹೊತ್ತು ತಾನೇ ಗೊತ್ತಾಗುತ್ತದೆ ಎಂಬ ಮಾತು ಈಗ ಕೇಳಿಬರುತ್ತಿದೆ. ಪೂರ್ತಿ ಸುಳ್ಳಲ್ಲ. ದೆಹಲಿಯ ಏಮ್ಸ್‌ನಲ್ಲಿ 2021ರ ಮಾರ್ಚ್‌ನಲ್ಲಿ ಶವ ಕೊಯ್ಯದೆ ಸ್ಕ್ಯಾನ್ ಮೂಲಕ ಪರೀಕ್ಷಿಸುವ ಕೇಂದ್ರ ಶುರುವಾದ ಮೇಲೆ ನಮ್ಮ ದೇಶದಲ್ಲೂ ಇದು ಬರೀ ಪುಸ್ತಕದ ಮಾತಾಗಿ ಉಳಿದಿಲ್ಲ. ಆದರೆ ಕಲಘಟಗಿ, ಕುಂದಗೋಳದಂಥ ಕಡೆ ಸಾವಿನ ಹೊತ್ತು ಹಿಡಿಯಲು ಮೊದಲು ಬೇಕಾದದ್ದು ಕೋಟಿಗಟ್ಟಲೆ ರೂಪಾಯಿಯ ಯಂತ್ರ ಎಂಬುದನ್ನು ನಾನು ಒಪ್ಪುವುದಿಲ್ಲ. ಯಾಕೆಂದು ಹೇಳುವ ಮೊದಲು, ಸಾವಿನ ಹೊತ್ತಿನ ಪ್ರಶ್ನೆಗೆ ಅಷ್ಟೊಂದು ಬೆಲೆ ಯಾಕೆ ಎಂಬುದನ್ನು ನೋಡೋಣ.

ಕೊಲೆ ಪ್ರಕರಣದಲ್ಲಿ ಅದರ ಬೆಲೆ ಎಲ್ಲರಿಗೂ ಗೊತ್ತು. ಸತ್ತವನ ಜೊತೆ ಕೊನೆಗೆ ಕಂಡವನು ಇವನೇ ಎಂಬ ಸಾಕ್ಷ್ಯ ನಿಲ್ಲಬೇಕಾದರೆ, ಇಬ್ಬರೂ ಜೊತೆಗೆ ಕಂಡ ಹೊತ್ತಿಗೂ ಸತ್ತ ಹೊತ್ತಿಗೂ ನಡುವೆ ಮೂರನೆಯವನು ಬಂದುಹೋಗುವಷ್ಟು ಅಂತರ ಇರಬಾರದು. 2005ರಲ್ಲಿ ಉತ್ತರ ಪ್ರದೇಶ ಸರ್ಕಾರ ಮತ್ತು ಸತೀಶ್ ನಡುವಣ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ವೈದ್ಯರು ‘12ರಿಂದ 24 ಗಂಟೆ’ ಎಂದು ಬರೆದ ವರದಿ ಹಿಡಿದು ಆ ಅಂತರವನ್ನು ಅಳೆಯುವುದು ಹೇಗೆ? ಕೊಲೆಯಷ್ಟು ಸುದ್ದಿಯಾಗದ ಇನ್ನೊಂದು ಕಡೆಯೂ ಇದೆ, ಅದು ಉತಾರದ ಕಡೆ. ಗಂಡ ಹೆಂಡತಿ ಒಂದೇ ರಾತ್ರಿ ಸತ್ತರೆನ್ನಿ. ಗಂಡ ಮೊದಲು ಸತ್ತಿದ್ದರೆ ಆತನ ಹೊಲದಲ್ಲಿ ಹೆಂಡತಿಗೆ ಪಾಲು ಹುಟ್ಟಿ, ಆ ಪಾಲು ಅವಳ ವಾರಸುದಾರರಿಗೆ ಇಳಿಯುತ್ತದೆ. ಹೆಂಡತಿ ಮೊದಲು ಹೋಗಿದ್ದರೆ ದಾರಿಯೇ ಬೇರೆ. ಯಾರು ಮೊದಲು ಎಂದು ತಿಳಿಯದಿದ್ದಾಗ ಹಿಂದೂ ಉತ್ತರಾಧಿಕಾರ ಕಾಯ್ದೆಯ 21ನೇ ಕಲಮು ಒಂದು ಊಹೆ ಮಾಡಿಕೊಳ್ಳುತ್ತದೆ: ಬೇರೆ ರೀತಿ ಸಾಬೀತಾಗುವ ತನಕ, ಕಿರಿಯರು ಹಿರಿಯರಿಗಿಂತ ಹೆಚ್ಚು ಹೊತ್ತು ಬದುಕಿದ್ದರು ಎಂದು. ವಿಮೆಯಲ್ಲೂ ಹೀಗೆ, ಕಂತು ಕಟ್ಟುವ ಕೊನೆಯ ದಿನದ ಆಚೆ ಸತ್ತರೋ ಈಚೆ ಸತ್ತರೋ ಎಂಬುದರ ಮೇಲೆ ಮನೆಯವರ ಲಕ್ಷಗಟ್ಟಲೆ ದುಡ್ಡು ನಿಂತಿರುತ್ತದೆ.

ಇನ್ನು ವಿಧಾನದ ಮಾತು. ಅಸಹಜ ಸಾವಾದರೆ ಯುಡಿಆರ್ (ಅಸಹಜ ಸಾವಿನ ವರದಿ) ದಾಖಲಾಗುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮಿನಂತೆ ಪೊಲೀಸರು ಪಂಚರ ಮುಂದೆ ಶವದ ಪಂಚನಾಮೆ ಮಾಡಬೇಕು, ಆ ವರದಿ 24 ಗಂಟೆಯೊಳಗೆ ಜಿಲ್ಲಾ ಅಥವಾ ಉಪವಿಭಾಗ ದಂಡಾಧಿಕಾರಿಗೆ ಹೋಗಬೇಕು. ಹೆಣ ತಾಲೂಕು ಆಸ್ಪತ್ರೆಗೆ, ಪ್ರಕರಣ ತೊಡಕಿನದಾದರೆ ಹುಬ್ಬಳ್ಳಿಯ ಕೆಎಂಸಿ-ಆರ್‌ಐಗೆ (ಹಿಂದಿನ ಕಿಮ್ಸ್). ಮರಣೋತ್ತರ ಪರೀಕ್ಷೆಯ ನಮೂನೆಯಲ್ಲಿ ಸಾವಿನಿಂದ ಎಷ್ಟು ಹೊತ್ತಾಗಿದೆ ಎಂಬ ಅಂಕಣ ಒಂದಿದೆ. ಅದನ್ನು ತುಂಬುವ ಹೊತ್ತಿಗೆ ಹೆಣ ಕಂಡು ಅರ್ಧ ದಿನವಾದರೂ ಆಗಿರುತ್ತದೆ.

ವೈದ್ಯರು ನೋಡುವ ಗುರುತುಗಳು ಇನ್ನೂರು ವರ್ಷದಿಂದ ಹೆಚ್ಚು ಬದಲಾಗಿಲ್ಲ. ಮೈ ಆರುವುದು, ಸೆಟೆಯುವುದು, ರಕ್ತ ಕೆಳಗಿಳಿದು ಚರ್ಮ ನೇರಳೆಗಟ್ಟುವುದು, ಕೊಳೆಯುವುದು. ರಕ್ತ ಇಳಿದ ಕಲೆ ಒಂದೆರಡು ತಾಸಿನಲ್ಲಿ ಶುರುವಾಗಿ ಆರೆಂಟು ತಾಸಿಗೆ, ಕೆಲವೊಮ್ಮೆ ಹನ್ನೆರಡಕ್ಕೆ, ಒತ್ತಿದರೂ ಅಳಿಯದಂತೆ ನಿಲ್ಲುತ್ತದೆ. ಸೆಟೆತ ರೆಪ್ಪೆಯಿಂದ ದವಡೆಗೆ, ದವಡೆಯಿಂದ ಕೈಕಾಲಿಗೆ ಇಳಿಯುತ್ತದೆ, ಆಮೇಲೆ ಬಂದ ದಾರಿಯಲ್ಲೇ ಬಿಡುತ್ತದೆ. ಬೇಸಿಗೆಯಲ್ಲಿ ಒಂದು ದಿನದೊಳಗೇ ಹೊಟ್ಟೆಯ ಬಲಗಡೆ ಕೆಳಭಾಗ ಹಸಿರಾಗತೊಡಗುತ್ತದೆ, ಯಾಕೆಂದರೆ ದೊಡ್ಡ ಕರುಳಿನ ಬುಡ ಅಲ್ಲಿ ಚರ್ಮಕ್ಕೆ ಹತ್ತಿರ. ಹೊಟ್ಟೆಯಲ್ಲಿ ರೊಟ್ಟಿ ಪಲ್ಯ ಅರಗದೆ ಉಳಿದಿದ್ದರೆ ಊಟವಾಗಿ ಹೆಚ್ಚು ಹೊತ್ತಾಗಿರಲಿಲ್ಲ ಎನ್ನುತ್ತಾರೆ. ನನಗೆ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ. ಹೆದರಿದ, ಗಾಯಗೊಂಡ ಮನುಷ್ಯನ ಹೊಟ್ಟೆ ಕೆಲಸವನ್ನೇ ನಿಲ್ಲಿಸಬಹುದು.

ಇವೆಲ್ಲವುಗಳಲ್ಲಿ ಮೊದಲ ಒಂದು ದಿನಕ್ಕೆ ಹೆಚ್ಚು ನೆಚ್ಚಬಹುದಾದದ್ದು ಮೈಯ ಕಾವು. ಜರ್ಮನಿಯ ಕ್ಲೌಸ್ ಹೆನ್ಸ್‌ಗೆ ಎಂಬ ವೈದ್ಯರು 1980ರ ದಶಕದಲ್ಲಿ ಇದಕ್ಕೊಂದು ನಕ್ಷೆಯನ್ನೇ ಮಾಡಿಕೊಟ್ಟರು. ಗುದದ್ವಾರದೊಳಗಿನ ತಾಪಮಾನ, ಸುತ್ತಲಿನ ತಾಪಮಾನ, ಹೆಣದ ತೂಕ ಗುರುತಿಸಿ ಗೆರೆ ಎಳೆದರೆ ಸತ್ತು ಎಷ್ಟು ತಾಸಾಯಿತು ಎಂಬುದು ಸಿಗುತ್ತದೆ. ಎಲ್ಲ ಸರಿಯಾಗಿದ್ದಾಗಲೂ ಅದರ ಉತ್ತರ ಹಿಂದೆ 2.8 ತಾಸು, ಮುಂದೆ 2.8 ತಾಸು ಜಗ್ಗುತ್ತದೆ. ಅಂದರೆ ಐದೂವರೆ ತಾಸಿನ ಕಿಟಕಿ. ಇದಕ್ಕಿಂತ ಕಿರಿದಾದ ಉತ್ತರವನ್ನು ಬರೀ ದೇಹ ನೋಡಿ ಹೇಳುತ್ತೇನೆ ಎನ್ನುವವರನ್ನು ನಂಬಬೇಡಿ.

ನಮ್ಮ ತೊಂದರೆ ಶುರುವಾಗುವುದು ಇಲ್ಲಿಂದ. ಆರುವುದಕ್ಕೆ ಸುತ್ತಲಿನ ಗಾಳಿ ಮೈಗಿಂತ ತಣ್ಣಗಿರಬೇಕು. ಏಪ್ರಿಲ್ ತಿಂಗಳ ನವಲಗುಂದದ ಎರಿ ಹೊಲ ಬಟ್ಟಬಯಲು. ಗಿಡದ ನೆರಳಿಲ್ಲ, ಮಧ್ಯಾಹ್ನದ ಗಾಳಿ 38–40 ಡಿಗ್ರಿ, ನೆಲ ಅದಕ್ಕೂ ಕಾದಿರುತ್ತದೆ. ಅಂಥ ಕಡೆ ಬಿದ್ದ ಹೆಣ ಆರುವುದಿಲ್ಲ, ಇನ್ನಷ್ಟು ಕಾಯುತ್ತದೆ. ಹೆನ್ಸ್‌ಗೆಯವರ ನಕ್ಷೆ ಅಲ್ಲಿ ಮೂಕ. ಅದೇ ಹೊಲದಲ್ಲಿ ಡಿಸೆಂಬರ್ ರಾತ್ರಿ ಸತ್ತವನ ಮೈ ಬೆಳಗಾಗುವಷ್ಟರಲ್ಲಿ ತಣ್ಣಗಾಗಿರುತ್ತದೆ, ನಕ್ಷೆ ಚೆನ್ನಾಗಿಯೇ ಮಾತಾಡುತ್ತದೆ. ಒಂದೇ ಹೊಲ, ಎರಡು ಲೆಕ್ಕ.

ಲೆಕ್ಕಕ್ಕೆ ಮೊದಲು ಅಳತೆ ಬೇಕಲ್ಲ? ಜ್ವರ ನೋಡುವ ಪಾದರಸದ ಥರ್ಮಾಮೀಟರನ್ನು ಕೈಗೆತ್ತಿಕೊಂಡು ನೋಡಿ. ಅದರ ಗೆರೆಗಳು 35ರಿಂದ 42ರ ತನಕ. 35ಕ್ಕಿಂತ ಕೆಳಗೆ ಗೆರೆಯೇ ಇಲ್ಲ, ಯಾಕೆಂದರೆ ಬದುಕಿದವರಿಗಾಗಿ ಮಾಡಿದ ಸಾಮಾನು ಅದು. ಡಿಜಿಟಲ್ ಥರ್ಮಾಮೀಟರೂ ಸಾಮಾನ್ಯವಾಗಿ 32ಕ್ಕಿಂತ ಕೆಳಗಿಳಿದರೆ ಅಂಕಿ ಬಿಟ್ಟು ‘ಲೋ’ ಎಂದು ತೋರಿಸುತ್ತದೆ. ಕೋವಿಡ್ ಕಾಲದಲ್ಲಿ ಎಲ್ಲ ಕಚೇರಿಗೂ ಬಂದ ಹಣೆಗೆ ಹಿಡಿಯುವ ಗನ್ ಚರ್ಮದ ಬಿಸಿ ಮಾತ್ರ ಹೇಳುತ್ತದೆ, ಒಳಗಿನ ಕಾವು ಅದಕ್ಕೆ ಸಿಗದು. ಶವಕ್ಕೆ ಬೇಕಾದದ್ದು ಪ್ರಯೋಗಶಾಲೆಯಲ್ಲಿರುವಂಥ ಒಂದು ಗೇಣಿಗೂ ಉದ್ದದ, ಸೊನ್ನೆಯಿಂದ ಐವತ್ತರವರೆಗೆ ಗೆರೆ ಇರುವ ಥರ್ಮಾಮೀಟರ್. ಕೆಲವು ನೂರು ರೂಪಾಯಿಗೆ ಬರುವ ಸಾಮಾನು. ಅದು ಶವಾಗಾರದಲ್ಲಿ ಇದ್ದರೂ ಸಾಲದು, ಹೆಣ ಬಿದ್ದ ಜಾಗಕ್ಕೆ ಹೋಗಬೇಕು.

ರಾತ್ರಿಯ ವಿಷಯ ಇನ್ನೂ ವಿಚಿತ್ರ. ಸೂರ್ಯ ಮುಳುಗಿದ ಮೇಲೂ ಮರಣೋತ್ತರ ಪರೀಕ್ಷೆ ಮಾಡಬಹುದು ಎಂದು ಕೇಂದ್ರ ಆರೋಗ್ಯ ಸಚಿವಾಲಯ 2021ರ ನವೆಂಬರ್‌ನಲ್ಲಿ ಆದೇಶ ಹೊರಡಿಸಿತು. ಆದರೆ ಕೊಲೆ, ಆತ್ಮಹತ್ಯೆ, ಅತ್ಯಾಚಾರ, ಕೊಳೆತ ಹೆಣ, ಅನುಮಾನದ ಸಾವು ಇವನ್ನು ಅದರಿಂದ ಹೊರಗಿಟ್ಟಿತು. ದೀಪದ ಬೆಳಕಿನಲ್ಲಿ ಮಾಡಿದ ಪರೀಕ್ಷೆ ಎಂದು ಯಾರೂ ಅನುಮಾನಪಡಬಾರದೆಂಬ ಕಾಳಜಿ ಅದು, ತಪ್ಪಲ್ಲ. ಪರಿಣಾಮ ಮಾತ್ರ ಹೀಗಿದೆ: ಯಾವ ಸಾವಿನ ಹೊತ್ತು ನಿಜವಾಗಿ ಬೇಕೋ ಆ ಹೆಣವೇ ರಾತ್ರಿಯಿಡೀ ತಣ್ಣನೆ ಪೆಟ್ಟಿಗೆಯಲ್ಲಿ ಮಲಗುತ್ತದೆ. ಪೆಟ್ಟಿಗೆಗೆ ಇಡುವ ಮುನ್ನ ಕಾವು ಅಳೆಯದಿದ್ದರೆ, ಬೆಳಿಗ್ಗೆ ಅಳೆಯುವುದು ಫ್ರಿಜ್ಜಿನ ಕಾವನ್ನು.

ಈಗ ಸ್ಕ್ಯಾನಿಗೆ ಬರೋಣ. ಎಕ್ಸ್‌ರೇಗೂ ಅಪರಾಧಕ್ಕೂ ನಂಟು ಹಳೆಯದು. ರಾಂಟ್‌ಜೆನ್ ಆ ಕಿರಣವನ್ನು ಕಂಡುಹಿಡಿದದ್ದು 1895ರ ನವೆಂಬರ್‌ನಲ್ಲಿ. ಕೆಲವೇ ತಿಂಗಳಲ್ಲಿ, 1896ರ ಫೆಬ್ರವರಿಯಲ್ಲಿ, ಕೆನಡಾದ ಮಾಂಟ್ರಿಯಲ್‌ನಲ್ಲಿ ಒಬ್ಬನ ಕಾಲಿನೊಳಗೆ ಸಿಕ್ಕಿಕೊಂಡ ಗುಂಡನ್ನು ಎಕ್ಸ್‌ರೇ ತೋರಿಸಿತು, ಆ ಚಿತ್ರ ಕೋರ್ಟಿಗೂ ಹೋಯಿತು. ಇಡೀ ಶವವನ್ನು ಸಿಟಿ ಮತ್ತು ಎಂಆರ್‌ಐ ಮೂಲಕ ನೋಡುವ ಪದ್ಧತಿಯನ್ನು ಕಟ್ಟಿದವರು ಸ್ವಿಟ್ಜರ್ಲೆಂಡಿನ ಬರ್ನ್ ನಗರದ ರಿಚರ್ಡ್ ಡಿರ್ನ್‌ಹೋಫರ್, ಮೈಕೆಲ್ ಥಾಲಿ ಮತ್ತು ಅವರ ಸಂಗಡಿಗರು, ಸುಮಾರು 2000ದ ಹೊತ್ತಿಗೆ. ವರ್ಟಾಪ್ಸಿ ಎಂದು ಹೆಸರಿಟ್ಟರು.

ಸಿಟಿ ಎಂದರೆ ದೇಹವನ್ನು ಅಡ್ಡ ಹೋಳುಗಳಾಗಿ ತೋರಿಸುವ ಎಕ್ಸ್‌ರೇ. ಪ್ರತಿ ಚುಕ್ಕೆಗೂ ಒಂದು ಅಂಕಿ. ನೀರಿಗೆ ಸೊನ್ನೆ, ಗಾಳಿಗೆ ಮೈನಸ್ ಸಾವಿರ, ಎಲುಬಿಗೆ ನೂರಾರರಿಂದ ಸಾವಿರದಾಚೆ. ಬದುಕಿದವರ ಎದೆಯ ಚಿತ್ರದಲ್ಲಿ ಹೃದಯದೊಳಗಿನ ರಕ್ತ ಒಂದೇ ಬಣ್ಣ, ಯಾಕೆಂದರೆ ಅದು ಸದಾ ಕಲಕುತ್ತಿರುತ್ತದೆ. ಹೃದಯ ನಿಂತ ಮೇಲೆ ರಕ್ತ ಪದರವಾಗುತ್ತದೆ. ಭಾರದ ಕೆಂಪು ಕಣ ತಳಕ್ಕೆ, ತೆಳು ದ್ರವ ಮೇಲಕ್ಕೆ, ನಡುವೆ ನೇರ ಅಡ್ಡಗೆರೆ. ಅಂಗಾತ ಬಿದ್ದ ಹೆಣದಲ್ಲಿ ಬೆನ್ನ ಕಡೆಯ ಶ್ವಾಸಕೋಶ ಬೆಳ್ಳಗೆ ಮಬ್ಬಾಗುತ್ತದೆ, ಚರ್ಮದ ಮೇಲೆ ಕಾಣುವ ನೇರಳೆ ಕಲೆಯ ಒಳರೂಪ ಅದು. ಇಲ್ಲೊಂದು ಲಾಭವಿದೆ. ಬೋರಲು ಸಿಕ್ಕ ಹೆಣದ ಶ್ವಾಸಕೋಶದಲ್ಲಿ ಮಬ್ಬು ಬೆನ್ನ ಕಡೆ ಇದ್ದರೆ, ಸತ್ತ ಮೇಲೆ ಯಾರೋ ಹೊರಳಿಸಿದ್ದಾರೆ ಎಂದಾಯಿತು. ಹೊತ್ತು ಹೇಳದಿದ್ದರೂ ಪೊಲೀಸರಿಗೆ ಅದು ದೊಡ್ಡ ಸುಳಿವು.

ಇನ್ನೂ ಮುಂದಕ್ಕೆ ಹೋದರೆ ಮಿದುಳು. ಸಿಟಿ ಚಿತ್ರದಲ್ಲಿ ಮಿದುಳಿನ ಹೊರಪದರಕ್ಕೂ ಒಳಭಾಗಕ್ಕೂ ನಡುವೆ ಸಣ್ಣ ಬಣ್ಣದ ವ್ಯತ್ಯಾಸ ಇರುತ್ತದೆ. ಸತ್ತ ಮೇಲೆ ತಾಸು ಕಳೆದಂತೆ ಆ ಗಡಿ ಮಾಸುತ್ತದೆ. ಕೊಳೆತು ನೀರಾದ ಮಿದುಳು ತಲೆಬುರುಡೆ ತೆರೆದೊಡನೆ ಹರಿದುಹೋಗುತ್ತದೆ, ಕೊಯ್ದು ನೋಡಲು ಏನೂ ಸಿಗದು. ಸ್ಕ್ಯಾನಿನಲ್ಲಾದರೆ ಅದು ಬುರುಡೆಯೊಳಗೆ ತನ್ನ ಜಾಗದಲ್ಲೇ ಕಾಣುತ್ತದೆ. ಕೊಳೆತ ಹೆಣಕ್ಕೆ ಸ್ಕ್ಯಾನ್ ಬೇಕು ಎಂದು ನಾನು ವಾದಿಸುವುದಾದರೆ ಈ ಒಂದು ಕಾರಣವೇ ಸಾಕು.

ಆಮೇಲೆ ಅನಿಲ. ಕರುಳಿನ ಬ್ಯಾಕ್ಟೀರಿಯಾ ಹುಟ್ಟಿಸುವ ಗಾಳಿ ಸಿಟಿಯಲ್ಲಿ ಕಪ್ಪಗೆ ಕಾಣುತ್ತದೆ. ಯಕೃತ್ತಿನ ರಕ್ತನಾಳಗಳಲ್ಲಿ, ಹೃದಯದಲ್ಲಿ, ಬರಬರುತ್ತ ಸ್ನಾಯು ಮತ್ತು ಚರ್ಮದಡಿ. ಹೊರಗೆ ಹೊಟ್ಟೆ ಉಬ್ಬುವ ಮೊದಲೇ ಒಳಗೆ ಇದು ಶುರುವಾಗಿರುತ್ತದೆ. ಸ್ವಿಟ್ಜರ್ಲೆಂಡಿನದೇ ಲೊಸಾನ್‌ನ ಸಂಶೋಧಕರು 2012ರಲ್ಲಿ ದೇಹದ ಏಳು ಜಾಗಗಳ ಅನಿಲಕ್ಕೆ ಅಂಕ ಕೊಟ್ಟು, ಸೊನ್ನೆಯಿಂದ ನೂರರವರೆಗಿನ ಸೂಚಿಯೊಂದನ್ನು ಮಾಡಿದರು. ಅದು ಅಳೆಯುವುದು ಎಷ್ಟು ಕೊಳೆತಿದೆ ಎಂಬುದನ್ನು. ಎಷ್ಟು ತಾಸಾಯಿತು ಎಂಬುದು ಬೇರೆಯದೇ ಪ್ರಶ್ನೆ. ಇವೆರಡನ್ನು ಒಂದೆಂದು ತಿಳಿಯುವುದೇ ಈ ವಿಷಯದಲ್ಲಿ ಆಗುವ ದೊಡ್ಡ ಎಡವಟ್ಟು. ಎದೆ ಒತ್ತಿ ಉಳಿಸಲು ನೋಡಿದ್ದರೂ, ಗಾಯದಿಂದಲೂ ರಕ್ತನಾಳಕ್ಕೆ ಗಾಳಿ ಹೊಕ್ಕಿರಬಹುದು. ಕಪ್ಪು ಚುಕ್ಕೆ ಕಂಡೊಡನೆ ಕೊಳೆತ ಎನ್ನುವಂತಿಲ್ಲ.

ಗಡಿಯಾರಕ್ಕೆ ಹೆಚ್ಚು ಹತ್ತಿರ ಬಂದದ್ದು ಎಂಆರ್‌ಐನ ಒಂದು ಬಗೆ, ಸ್ಪೆಕ್ಟ್ರೋಸ್ಕೋಪಿ. ಚಿತ್ರದ ಬದಲು ಮಿದುಳಿನೊಳಗೆ ಯಾವ ರಾಸಾಯನಿಕ ಎಷ್ಟಿದೆ ಎಂಬುದನ್ನು ಅದು ಹೇಳುತ್ತದೆ. ಬರ್ನ್‌ನವರು 2002ರಲ್ಲಿ ಕುರಿಯ ತಲೆಗಳನ್ನು ಸುಮಾರು ಒಂದೇ ತಾಪಮಾನದಲ್ಲಿ ಇಟ್ಟು ದಿನದಿನವೂ ಅಳೆದರು. ಬದುಕಿದ ಮಿದುಳಿನಲ್ಲಿ ಇರುವಂಥವು ಕುಗ್ಗುತ್ತ, ಬ್ಯಾಕ್ಟೀರಿಯಾ ಹುಟ್ಟಿಸುವ ಬ್ಯುಟಿರೇಟ್, ಟ್ರೈಮೀಥೈಲಮೀನ್‌ನಂಥವು ಕೆಲವು ದಿನಗಳ ಮೇಲೆ ಏಳುತ್ತ ಹೋದವು. ಇವುಗಳ ಏರಿಳಿತ ಕೂಡಿಸಿ 2005ರಲ್ಲಿ ಸೂತ್ರಗಳನ್ನೂ ಮಾಡಿದರು. ಕೊಳೆಯಲು ಶುರುವಾದ ಹೆಣದ ಹೊತ್ತನ್ನು, ಮೈಯ ಕಾವು ಯಾವ ಸಹಾಯಕ್ಕೂ ಬಾರದ ಹಂತದಲ್ಲಿ, ಅಂದಾಜು ಮಾಡಲು ಇಷ್ಟು ಸೊಗಸಾದ ದಾರಿ ಮತ್ತೊಂದಿಲ್ಲ.

ಆದರೆ ‘ಒಂದೇ ತಾಪಮಾನದಲ್ಲಿ’ ಎಂಬ ಮಾತನ್ನು ಮತ್ತೆ ಓದಿ. ಬರ್ನ್‌ನ ಪ್ರಯೋಗಶಾಲೆಯಲ್ಲಿ ಅದು ಸಾಧ್ಯ. ತಬಕದಹೊನ್ನಳ್ಳಿಯ ಕಡೆ ಜುಲೈ ಮಳೆಯಲ್ಲಿ ಸಾಗುವಾನಿ ಗಿಡದ ಕೆಳಗೆ ಬಿದ್ದ ಹೆಣಕ್ಕೂ, ಮೊರಬದ ಕಡೆ ಮೇ ತಿಂಗಳ ಬಿರುಕು ಬಿಟ್ಟ ಎರಿ ಹೊಲದ ಹೆಣಕ್ಕೂ ಒಂದೇ ಸೂತ್ರ ಹಚ್ಚಲಾಗದು. ಇವೆರಡೂ ಒಂದೇ ಜಿಲ್ಲೆ. ಎಂಆರ್‌ಐ ಚಿತ್ರವಂತೂ ಹೆಣದ ಕಾವಿಗೆ ತಕ್ಕಂತೆ ತಾನೇ ಬದಲಾಗುತ್ತದೆ, ಫ್ರಿಜ್ಜಿನಿಂದ ತೆಗೆದ ಶವದ ಕೊಬ್ಬು, ಸ್ನಾಯು, ನೀರು ಬೇರೆಯದೇ ಬಣ್ಣದಲ್ಲಿ ಮೂಡುತ್ತವೆ. ಹಾಗಾಗಿ ಸ್ಕ್ಯಾನ್ ಮಾಡುವವರೂ ಮೊದಲು ಕೇಳುವುದು ಆ ಥರ್ಮಾಮೀಟರಿನ ಅಂಕಿಯನ್ನೇ.

ನೀರಿನ ಹೆಣ ಇನ್ನೊಂದು ತಲೆನೋವು. ಬರ್ಲಿನ್ನಿನ ಕ್ಯಾಸ್ಪರ್ ಎಂಬ ವೈದ್ಯ 19ನೇ ಶತಮಾನದಲ್ಲಿ ಹೇಳಿದ ಲೆಕ್ಕವನ್ನು ನಮ್ಮ ವೈದ್ಯ ವಿದ್ಯಾರ್ಥಿಗಳು ಇಂದಿಗೂ ಬಾಯಿಪಾಠ ಮಾಡುತ್ತಾರೆ: ಗಾಳಿಯಲ್ಲಿ ಒಂದು ವಾರ, ನೀರಿನಲ್ಲಿ ಎರಡು ವಾರ, ಮಣ್ಣಿನಲ್ಲಿ ಎಂಟು ವಾರ. ಬೆಣ್ಣಿಹಳ್ಳ ರಾತ್ರೋರಾತ್ರಿ ಉಕ್ಕಿ ಹೊಲಗಳ ಮೇಲೆ ಹರಿದು, ಮರುದಿನ ಇಳಿದು, ಹೆಣವನ್ನು ಜಾಲಿ ಕಂಟಿಗೆ ಸಿಕ್ಕಿಸಿ ಹೋದಾಗ ಅದು ನೀರಿನಲ್ಲಿ ಎಷ್ಟು ಹೊತ್ತು, ಬಿಸಿಲಿನಲ್ಲಿ ಎಷ್ಟು ಹೊತ್ತು ಇತ್ತು? ಕ್ಯಾಸ್ಪರ್ ಉತ್ತರ ಕೊಡುವುದಿಲ್ಲ. ಸಿಟಿಯಲ್ಲಿ ಮೂಗಿನ ಸುತ್ತಲ ಕುಹರಗಳಲ್ಲಿ, ಶ್ವಾಸನಾಳದಲ್ಲಿ ನೀರು ಕಂಡರೆ ಮುಳುಗಿರಬಹುದು ಎನ್ನಬಹುದು, ಅದೊಂದರಿಂದಲೇ ಸಾಬೀತಾಗದು. ಹೊತ್ತು ಮಾತ್ರ ಹಳ್ಳ ಯಾವಾಗ ಏರಿತು, ಯಾವಾಗ ಇಳಿಯಿತು ಎಂಬುದರಿಂದ ಬರಬೇಕು.

ಸ್ಕ್ಯಾನಿಗೆ ಕಾಣದ್ದೂ ಇದೆ, ಅದನ್ನು ಮುಚ್ಚಿಡಬಾರದು. ‘ಕೊಯ್ಯೋದು ಬ್ಯಾಡ್ರೀ ಸಾಹೇಬ್ರ, ಹಂಗ ನೋಡಿ ಕೊಡ್ರಿ’ ಎಂದು ಶವಾಗಾರದ ಬಾಗಿಲಲ್ಲಿ ಅಂಗಲಾಚುವ ಮನೆಯವರಿಗೆ ಈ ಯಂತ್ರ ದೊಡ್ಡ ಸಮಾಧಾನ ಕೊಡಬಲ್ಲದು, ನಿಜ. ಆದರೆ ಕೀಟನಾಶಕ ಕುಡಿದದ್ದು ಸಿಟಿಯಲ್ಲಿ ಕಾಣುವುದಿಲ್ಲ. ಹಾವಿನ ವಿಷವೂ ಕಾಣುವುದಿಲ್ಲ. ವಿಸೆರಾ (ಒಳ ಅಂಗಗಳ ಮಾದರಿ) ತೆಗೆದು ಪ್ರಯೋಗಾಲಯಕ್ಕೆ ಕಳಿಸಲೇಬೇಕು. ಹತ್ತಿ, ಮೆಣಸಿನಕಾಯಿ, ಕಡಲೆ ಬೆಳೆಯುವ ನಮ್ಮ ತಾಲೂಕುಗಳಲ್ಲಿ ಔಷಧ ಸಿಂಪಡಿಸದ ಹೊಲ ಸಿಗುವುದು ಅಪರೂಪ. ಬಸ್ ಗುದ್ದಿದ, ಮಾಡಿಯಿಂದ ಬಿದ್ದ, ಗುಂಡು ತಗುಲಿದ ಸಾವಿಗೆ ಸ್ಕ್ಯಾನ್ ಎಷ್ಟು ಒಳ್ಳೆಯದೋ, ನಮ್ಮ ಕಡೆಯ ಅನೇಕ ಯುಡಿಆರ್‌ಗಳಿಗೆ ಅಷ್ಟೇ ನಿರುಪಯೋಗಿ.

1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕ ಓಟ್ಜಿ ಎಂಬ ಒಣಗಿದ ಶವದ ಕಥೆ ಇಲ್ಲಿ ನೆನಪಾಗುತ್ತದೆ. 2001ರಲ್ಲಿ ಅವನ ಎಕ್ಸ್‌ರೇ ನೋಡುತ್ತಿದ್ದಾಗ ಎಡ ಭುಜದೊಳಗೆ ಕಲ್ಲಿನ ಬಾಣದ ಮೊನೆ ಕಂಡಿತು, ಹತ್ತು ವರ್ಷದ ಒಗಟು ಬಿಡಿಸಿಕೊಂಡಿತು. ಹೇಗೆ ಸತ್ತ ಎಂದು ಚಿತ್ರ ಹೇಳಿತು. 5,300 ವರ್ಷದ ಹಿಂದೆ ಎಂದು ಹೇಳಿದ್ದು ಇಂಗಾಲ. ಎರಡು ಕೆಲಸ, ಎರಡು ಉಪಕರಣ. ಈ ವಿವೇಕವನ್ನು ನಮ್ಮ ಶವಾಗಾರಕ್ಕೂ ತರಬೇಕು.

ಹಾಗಾದರೆ ನಮ್ಮಲ್ಲಿ ಏನಿದೆ? ಬಹಳ ಇದೆ, ಬಳಸುತ್ತಿಲ್ಲ ಅಷ್ಟೆ. ಕೊಳೆಯುವುದು ತಾಸಿನ ಜೊತೆ ಕಾವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ ಎಂಬುದನ್ನು ಬೆಳೆ ನೋಡುವ ರೈತನಿಗೆ ಹೇಳಿಕೊಡಬೇಕಾಗಿಲ್ಲ, ಜೋಳ ತೆನೆಗಟ್ಟುವುದೂ ಹೀಗೆಯೇ ದಿನ ಮತ್ತು ಬಿಸಿಲಿನ ಮೊತ್ತದಿಂದ. 30 ಡಿಗ್ರಿಯಲ್ಲಿ 24 ತಾಸು ಇದ್ದ ಹೆಣ 720 ಡಿಗ್ರಿ-ತಾಸು ಕಂಡಿದೆ. 20 ಡಿಗ್ರಿಯಲ್ಲಿ ಅಷ್ಟೇ ಮೊತ್ತಕ್ಕೆ 36 ತಾಸು ಬೇಕು. ಮೊದಲನೆಯದನ್ನು ಒಂದು ದಿನದ್ದು, ಎರಡನೆಯದನ್ನೂ ಒಂದು ದಿನದ್ದು ಎಂದರೆ ಹನ್ನೆರಡು ತಾಸು ತಪ್ಪಿತು. ಹನ್ನೆರಡು ತಾಸಿನಲ್ಲಿ ಆರೋಪಿ ಪುಣೆಗೆ ಹೋಗಿ ಸೇರಬಹುದು, ನಿರಪರಾಧಿ ಜೈಲಿಗೆ ಹೋಗಬಹುದು.

ಈ ಮೊತ್ತ ಹಾಕಲು ಬೇಕಾದ ಹವೆಯ ಅಂಕಿ ಎಲ್ಲಿ ಸಿಗುತ್ತದೆ? ಕರ್ನಾಟಕದಷ್ಟು ಈ ವಿಷಯದಲ್ಲಿ ಭಾಗ್ಯವಂತ ರಾಜ್ಯ ಕಡಿಮೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಪ್ರತಿ ಗ್ರಾಮ ಪಂಚಾಯತಿಗೆ ಮಳೆ ಮಾಪಕ, ಪ್ರತಿ ಹೋಬಳಿಗೆ ಹವಾಮಾನ ಯಂತ್ರ ಇಟ್ಟಿದ್ದಾರೆ. ಉಷ್ಣಾಂಶ, ತೇವಾಂಶ, ಗಾಳಿ ತಾನೇ ದಾಖಲಾಗಿ ಬೆಂಗಳೂರಿಗೆ ಹೋಗುತ್ತದೆ. ಬೆಳೆ ವಿಮೆಗೆ, ಮಳೆ ಮುನ್ಸೂಚನೆಗೆ ನಾವು ಇದನ್ನು ಬಳಸುತ್ತೇವೆ. ಸಂಶಿ ಹೋಬಳಿಯಲ್ಲಿ ಕಳೆದ ಮೂರು ದಿನ ತಾಸಿಗೆಷ್ಟು ಡಿಗ್ರಿ ಇತ್ತು ಎಂಬ ಒಂದು ಹಾಳೆಯನ್ನು ತನಿಖಾಧಿಕಾರಿ ತರಿಸಿ ಮರಣೋತ್ತರ ವರದಿಗೆ ಲಗತ್ತಿಸಿದರೆ, ವೈದ್ಯರ ಅಂದಾಜಿಗೆ ಒಂದು ಕಾಲು ಬರುತ್ತದೆ. ಇದಕ್ಕೆ ಖರ್ಚು ಒಂದು ಪತ್ರ.

ದೇಹದ ಹೊರಗಿನ ಗಡಿಯಾರಗಳನ್ನೂ ಮರೆಯಬಾರದು. 2023ರ ಡಿಸೆಂಬರ್ ಕೊನೆಗೆ ಚಿತ್ರದುರ್ಗದ ಮನೆಯೊಂದರಲ್ಲಿ ಒಂದೇ ಕುಟುಂಬದ ಐವರ ಅಸ್ಥಿಪಂಜರ ಸಿಕ್ಕಾಗ, ವರ್ಷಗಳ ಹಿಂದೆಯೇ ಸತ್ತಿದ್ದಾರೆ ಎಂಬ ಅಂದಾಜಿಗೆ ದಾರಿ ತೋರಿಸಿದ ವಸ್ತುಗಳಲ್ಲಿ ಗೋಡೆಯ ಮೇಲಿನ 2019ರ ಕ್ಯಾಲೆಂಡರ್ ಒಂದು. ಹಳ್ಳಿಯಲ್ಲಂತೂ ಇಂಥ ಗುರುತು ಹೆಜ್ಜೆಹೆಜ್ಜೆಗೂ ಇದೆ. ಡೇರಿಗೆ ಹಾಲು ಹಾಕಿದ ಚೀಟಿ ಬೆಳಿಗ್ಗೆಯದೋ ಸಂಜೆಯದೋ ಹೇಳುತ್ತದೆ. ಸತ್ತವಳು ಹೆಣ್ಣುಮಗಳಾದರೆ, 2023ರ ಜೂನ್‌ನಿಂದ ಶಕ್ತಿ ಯೋಜನೆಯ ಸೊನ್ನೆ ರೂಪಾಯಿ ಟಿಕೆಟ್ ಅವಳ ಕೈಚೀಲದಲ್ಲಿ ಇರಬಹುದು, ಅದರ ಮೇಲೆ ಬಸ್ ಹತ್ತಿದ ಹೊತ್ತು ಅಚ್ಚಾಗಿರುತ್ತದೆ. ಮೊಬೈಲು ಕೊನೆಗೆ ಯಾವಾಗ ಮಾತಾಡಿತು ಎಂಬುದು ಕಂಪನಿಯಲ್ಲಿ ಸಿಗುತ್ತದೆ. ದೇಹ ಕೊಡುವ ಹನ್ನೆರಡು ತಾಸಿನ ಕಿಟಕಿಯನ್ನು ಎರಡು ತಾಸಿಗೆ ಇಳಿಸುವುದು ಸಾಮಾನ್ಯವಾಗಿ ಇಂಥ ಚೀಟಿಗಳೇ.

ಹಾಗಂತ ಸ್ಕ್ಯಾನ್ ಬೇಡ ಎನ್ನುತ್ತಿಲ್ಲ. ಕೊಳೆತ ಶವಕ್ಕೆ, ಗುರುತು ಸಿಗದ ಶವಕ್ಕೆ, ಮತ್ತೆ ನೋಡಬೇಕಾದ ಪ್ರಕರಣಕ್ಕೆ ಅದು ಬೇಕೇ ಬೇಕು. ಸುಟ್ಟ ಹೆಣವನ್ನು ಮತ್ತೆ ಕೊಯ್ಯಲಾಗದು, ಸ್ಕ್ಯಾನ್ ಮಾಡಿಟ್ಟಿದ್ದರೆ ಹತ್ತು ವರ್ಷದ ಮೇಲೂ ಬೇರೊಬ್ಬ ತಜ್ಞ ಅದನ್ನು ತೆರೆದು ನೋಡಿ ಮೊದಲಿನವರ ಅಭಿಪ್ರಾಯವನ್ನು ಪ್ರಶ್ನಿಸಬಹುದು. ಕೋರ್ಟಿನಲ್ಲಿ ಬಡ ಆರೋಪಿಗೆ ಇದಕ್ಕಿಂತ ದೊಡ್ಡ ರಕ್ಷಣೆ ಇಲ್ಲ. ಅದಕ್ಕೆ ತಾಲೂಕಿಗೊಂದು ಯಂತ್ರ ಬೇಡ, ಹುಬ್ಬಳ್ಳಿಯಲ್ಲಿ ಶವಗಳಿಗೆಂದೇ ಮೀಸಲಾದ ಒಂದು ಯಂತ್ರ, ಅದನ್ನು ಓದಲು ತರಬೇತಾದ ಇಬ್ಬರು ರೇಡಿಯಾಲಜಿಸ್ಟರು ಸಾಕು. ನವಲಗುಂದ, ಅಣ್ಣಿಗೇರಿ ಎರಡೂ ಅಲ್ಲಿಗೆ ಒಂದು ತಾಸಿನ ದಾರಿ, ಕುಂದಗೋಳ, ಕಲಘಟಗಿ ಅದಕ್ಕಿಂತ ಹತ್ತಿರ. ಬದುಕಿದವರು ಸರದಿಯಲ್ಲಿ ಕಾಯುವ ಯಂತ್ರಕ್ಕೆ ಹೆಣ ತಂದು ಮಲಗಿಸುವುದು ಮಾತ್ರ ಬೇಡ.

ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ 2023ರ ಜನವರಿ 28ರಂದು ಅಡಿಗಲ್ಲು ಬಿದ್ದಿದೆ. ಕೃಷಿ ವಿಶ್ವವಿದ್ಯಾಲಯ ಮೊದಲಿನಿಂದ ಅದೇ ಊರಿನಲ್ಲಿದೆ, ಅವರ ಬಳಿ ಎರಿ ಭೂಮಿಯ ಪ್ರಯೋಗ ಹೊಲಗಳಿವೆ, ಹವೆಯ ದಾಖಲೆಯಿದೆ. ಅಮೆರಿಕದ ಟೆನ್ನೆಸೀಯಲ್ಲಿ ವಿಲಿಯಂ ಬಾಸ್ 1980ರ ದಶಕದ ಮೊದಲಲ್ಲಿ ದಾನವಾಗಿ ಬಂದ ಶವಗಳನ್ನು ಬಯಲಿನಲ್ಲಿಟ್ಟು ಕೊಳೆಯುವ ಲೆಕ್ಕ ಬರೆದರು. ನಮ್ಮಲ್ಲಿ ಮನುಷ್ಯರ ಶವದ ಮೇಲೆ ಅಂಥದ್ದು ಮಾಡಲು ಸಮಾಜ ಒಪ್ಪಲಿಕ್ಕಿಲ್ಲ. ಸತ್ತ ಹಂದಿಯನ್ನೋ ಕುರಿಯನ್ನೋ ಇಟ್ಟು, ಎರಿ ಮಣ್ಣಿನಲ್ಲಿ ಯಾವ ತಿಂಗಳು ಎಷ್ಟು ದಿನಕ್ಕೆ ಏನಾಗುತ್ತದೆ ಎಂದು ಬರೆದಿಡಲು ಯಾರ ಅಡ್ಡಿಯೂ ಇರಲಿಕ್ಕಿಲ್ಲ. ಬರ್ನ್‌ನ ಕುರಿ ಬರ್ನ್‌ಗೆ ಸಾಕ್ಷಿ ಹೇಳಿತು. ನಮ್ಮ ಕುರಿಯ ಸಾಕ್ಷಿಯೂ ಬೇಕು.

ಜಿಲ್ಲಾ ಆರೋಗ್ಯಾಧಿಕಾರಿಗಳೂ ಪೊಲೀಸ್ ವರಿಷ್ಠಾಧಿಕಾರಿಗಳೂ ಕೂಡಿ ಕೂತರೆ ಒಂದೇ ಸಭೆಯಲ್ಲಿ ಮುಗಿಯುವ ಕೆಲಸ ಒಂದಿದೆ. ಪ್ರತಿ ಠಾಣೆಗೆ ಒಂದು ಉದ್ದ ಥರ್ಮಾಮೀಟರ್, ಅದನ್ನು ಬಳಸಲು ತಾಲೂಕು ವೈದ್ಯರಿಂದ ಒಂದು ದಿನದ ತರಬೇತಿ, ಪಂಚನಾಮೆಯಲ್ಲಿ ಮೂರು ಹೊಸ ಸಾಲು: ಜಾಗದ ಗಾಳಿಯ ಕಾವು, ಹೆಣದ ಕಾವು, ಅಳೆದ ಹೊತ್ತು. ಏಳು ವರ್ಷ ಮತ್ತು ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಬೇಕೆಂದು ಹೊಸ ಸಂಹಿತೆಯ 176ನೇ ಕಲಮು ಹೇಳುತ್ತದೆ, ಅವರ ಕೈಯಲ್ಲೂ ಈ ಥರ್ಮಾಮೀಟರ್ ಇರಲಿ. ಲೈಂಗಿಕ ಹಲ್ಲೆಯ ಅನುಮಾನವಿದ್ದರೆ ಮೊದಲು ಸಾಕ್ಷ್ಯದ ಮಾದರಿ ತೆಗೆದು ಆಮೇಲೆ ಅಳೆಯಬೇಕು, ಈ ಕ್ರಮ ತಪ್ಪಬಾರದು.

ಓದುಗರಿಗೂ ಒಂದು ಮಾತು. ಹೊಲದಲ್ಲೋ ಹಳ್ಳದಲ್ಲೋ ಹೆಣ ಕಂಡರೆ ಅದನ್ನು ನೆರಳಿಗೆ ಎಳೆಯಬೇಡಿ, ನೀರು ಹಾಕಬೇಡಿ, ಹೊರಳಿಸಿ ಮುಖ ನೋಡಬೇಡಿ. 112ಕ್ಕೆ ಕರೆ ಮಾಡಿ. ನೀವು ನೋಡಿದ ಹೊತ್ತು, ಹೆಣದ ಮೇಲೆ ಬಿಸಿಲಿತ್ತೋ ನೆರಳಿತ್ತೋ, ಹಿಂದಿನ ದಿನ ಅದೇ ದಾರಿಯಲ್ಲಿ ಹೋಗುವಾಗ ಅದು ಅಲ್ಲಿ ಇತ್ತೋ ಇಲ್ಲವೋ, ಇಷ್ಟನ್ನು ಮೊಬೈಲಿನಲ್ಲೇ ಬರೆದಿಟ್ಟುಕೊಂಡು ಪೊಲೀಸರಿಗೆ ಹೇಳಿ.